ಟೆಲಿಸ್ಕೋಪ್ ಕೊಳ್ಳುವ ಮೊದಲು ಒಂದು ರಾತ್ರಿ ಖಗೋಳ ಕ್ಲಬ್ಬಿನ ಜೊತೆ ಕಳೆಯಿರಿ

"ಮಗಳಿಗೆ ಆಕಾಶ ಅಂದ್ರೆ ತುಂಬಾ ಆಸೆ. ಯಾವ ಟೆಲಿಸ್ಕೋಪ್ ಕೊಡಿಸಲಿ?" ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ನನ್ನ ಉತ್ತರವೂ ಒಂದೇ: ಸದ್ಯಕ್ಕೆ ಯಾವುದೂ ಬೇಡ. ಮೊದಲು ಹತ್ತಿರದ ಹವ್ಯಾಸಿ ಖಗೋಳ ಕ್ಲಬ್ ಯಾವುದು ಅಂತ ಹುಡುಕಿ. ಅವರು ನಡೆಸುವ ವೀಕ್ಷಣೆ ರಾತ್ರಿಗೆ ಮಗಳನ್ನು ಕರೆದುಕೊಂಡು ಹೋಗಿ. ಬೇರೆಯವರ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿ. ಕೊಳ್ಳುವ ಮಾತು ಆಮೇಲೆ.

ಇಷ್ಟು ಹೇಳಿದರೆ ಮುಂದಿನ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಎಲ್ಲಿಗೆ ಹೋಗಬೇಕು? ಯಾವ ದಿನ? ಏನು ತರಬೇಕು? ನಮಗೇನೂ ಗೊತ್ತಿಲ್ಲವಲ್ಲ, ಬಿಡುತ್ತಾರಾ? ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಬೆಂಗಳೂರಿನ ಸುತ್ತಮುತ್ತಲಿನ ಆಕಾಶ. ಆದರೂ ಇಲ್ಲಿನ ಬಹುಪಾಲು ಮಾತು ರಾಜ್ಯದ ಯಾವ ಊರಿಗಾದರೂ ಹೊಂದುತ್ತದೆ.

1. ಹೋಗುತ್ತಿರುವುದು ಎಲ್ಲಿಗೆ ಅಂತ ತಿಳಿದುಕೊಳ್ಳಿ

ತಾರಾಲಯ, ವೀಕ್ಷಣಾಲಯ, ಕ್ಲಬ್. ಈ ಮೂರನ್ನೂ ಜನ ಒಂದೇ ಅಂದುಕೊಂಡಿರುತ್ತಾರೆ. ಹಾಗೆ ಹೋಗಿ ನಿರಾಸೆಯಿಂದ ವಾಪಸ್ ಬರುತ್ತಾರೆ.

ತಾರಾಲಯ ಅಂದರೆ ಗುಮ್ಮಟದ ಒಳಗೆ ಆಕಾಶದ ಚಿತ್ರ ಮೂಡಿಸಿ ತೋರಿಸುವ ಜಾಗ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಿಂದ ನಡೆಯುತ್ತಿದೆ. ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಅಲ್ಲಿ ಹಗಲಲ್ಲೂ ನಕ್ಷತ್ರ ಕಾಣುತ್ತವೆ, ಆದರೆ ಅವು ನಿಜವಾದ ನಕ್ಷತ್ರಗಳಲ್ಲ. ಆಕಾಶ ಹೇಗೆ ತಿರುಗುತ್ತದೆ ಅಂತ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ವೀಕ್ಷಣಾಲಯ ಅಂದರೆ ನಿಜವಾದ ಟೆಲಿಸ್ಕೋಪ್ ಇರುವ ಜಾಗ. ನಮಗೆ ಹತ್ತಿರದ ದೊಡ್ಡ ವೀಕ್ಷಣಾಲಯ ಇರುವುದು ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕಾವಲೂರಿನಲ್ಲಿ. ಅದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತ ವಿಜ್ಞಾನ ಸಂಸ್ಥೆ. ಅಲ್ಲಿನ 2.34 ಮೀಟರ್ ಟೆಲಿಸ್ಕೋಪಿಗೆ ಖಗೋಳ ವಿಜ್ಞಾನಿ ವೈನು ಬಾಪು ಅವರ ಹೆಸರಿದೆ. ಅವರು ತೀರಿಕೊಂಡದ್ದು 1982ರಲ್ಲಿ, ಟೆಲಿಸ್ಕೋಪ್ ಉದ್ಘಾಟನೆಯಾದದ್ದು 1986ರಲ್ಲಿ. ಅದಕ್ಕಿಂತ ಹಳೆಯದಾದ 1 ಮೀಟರ್ ಟೆಲಿಸ್ಕೋಪಿಗೂ ದೊಡ್ಡ ಚರಿತ್ರೆಯಿದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಆ ಗ್ರಹಕ್ಕೂ ಬಳೆಗಳಿವೆ ಅಂತ ಜಗತ್ತಿಗೆ ಗೊತ್ತಾದದ್ದು ಆ ರಾತ್ರಿಯ ವೀಕ್ಷಣೆಗಳಿಂದ. ಅವುಗಳಲ್ಲಿ ಕಾವಲೂರಿನದೂ ಒಂದು.

ಒಂದು ಎಚ್ಚರಿಕೆ. ಕಾವಲೂರಿಗೆ ಹೋದವರು ದೊಡ್ಡ ಟೆಲಿಸ್ಕೋಪಿಗೇ ಕಣ್ಣಿಟ್ಟು ನೋಡಬಹುದು ಅಂದುಕೊಳ್ಳುತ್ತಾರೆ. ಅದು ಆಗುವುದಿಲ್ಲ. ಸಂಶೋಧನೆಯ ಟೆಲಿಸ್ಕೋಪಿನ ತುದಿಯಲ್ಲಿ ಕಣ್ಣಿಡುವ ಜಾಗದಲ್ಲಿ ಕ್ಯಾಮೆರಾ ಮತ್ತು ಉಪಕರಣಗಳು ಕೂತಿರುತ್ತವೆ. ಸಾರ್ವಜನಿಕರಿಗೆ ಆಕಾಶ ತೋರಿಸುವುದು ಚಿಕ್ಕ ಟೆಲಿಸ್ಕೋಪಿನಲ್ಲಿ, ಅದೂ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ. ಸಂಸ್ಥೆಯ ಜಾಲತಾಣದಲ್ಲಿ ದಿನ ಮತ್ತು ಸಮಯ ನೋಡಿಕೊಂಡೇ ಹೊರಡಿ. ಸುಮ್ನೆ ಅಷ್ಟು ದೂರ ಹೋಗಿ ಗೇಟಿನಿಂದ ವಾಪಸ್ ಬರಬೇಡಿ.

ಇನ್ನು ಮೂರನೆಯದು ಕ್ಲಬ್. ಇವರೆಲ್ಲ ಕೆಲಸ ಮುಗಿಸಿ, ಸ್ವಂತ ಖರ್ಚಿನಲ್ಲಿ, ಸ್ವಂತ ಟೆಲಿಸ್ಕೋಪ್ ಹೊತ್ತು ತಂದು ಆಕಾಶ ತೋರಿಸುವ ಜನ. ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಬ್ಯಾಂಗಲೋರ್ ಅಮೆಚೂರ್ ಆಸ್ಟ್ರಾನಮರ್ಸ್ ಇದೆ, ಬ್ಯಾಂಗಲೋರ್ ಆಸ್ಟ್ರಾನಾಮಿಕಲ್ ಸೊಸೈಟಿ ಇದೆ. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. ನಿಮ್ಮ ಊರಿನಲ್ಲಿ ಕ್ಲಬ್ ಇಲ್ಲದಿದ್ದರೆ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲೋ ಜಿಲ್ಲಾ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಗ್ರಹಣ, ಧೂಮಕೇತು ಬಂದಾಗ ಅವರೇ ಟೆಲಿಸ್ಕೋಪ್ ಇಟ್ಟು ತೋರಿಸುವುದುಂಟು.

"ನಮಗೇನೂ ಗೊತ್ತಿಲ್ಲ" ಅನ್ನುವ ಸಂಕೋಚ ಬೇಡವೇ ಬೇಡ. ಏನೂ ಗೊತ್ತಿಲ್ಲದೆ ಬಂದವರಿಗೆ ಶನಿಯ ಬಳೆ ತೋರಿಸುವ ಖುಷಿಗಾಗಿಯೇ ಇವರಲ್ಲಿ ಬಹಳ ಜನ ರಾತ್ರಿ ನಿದ್ದೆ ಬಿಡುತ್ತಾರೆ.

2. ಪಂಚಾಂಗ ನೋಡಿ ದಿನ ಆರಿಸಿ

ಇದು ತಮಾಷೆಯ ಮಾತಲ್ಲ. ಆಕಾಶ ನೋಡುವವರಿಗೆ ಗೋಡೆಯ ಮೇಲಿನ ಕ್ಯಾಲೆಂಡರಿನ ತಿಥಿಯಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ತಿಥಿ ಹೇಳುವುದು ಚಂದ್ರ ಮತ್ತು ಸೂರ್ಯರ ನಡುವಿನ ಅಂತರವನ್ನು. ಅಂದರೆ ರಾತ್ರಿ ಎಷ್ಟು ಕತ್ತಲಿರುತ್ತದೆ ಅನ್ನುವುದನ್ನು.

ಚಂದ್ರನನ್ನೇ ನೋಡಬೇಕಾದರೆ ಶುಕ್ಲ ಪಂಚಮಿಯಿಂದ ದಶಮಿಯವರೆಗಿನ ಸಂಜೆಗಳು ಚೆನ್ನ. ಆಗ ಬೆಳಕು ಮತ್ತು ಕತ್ತಲು ಸೇರುವ ಗೆರೆ ಚಂದ್ರನ ಮೈಮೇಲೆ ಹಾದಿರುತ್ತದೆ. ಆ ಗೆರೆಯ ಪಕ್ಕದಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬಿದ್ದು, ಕೈಯಿಟ್ಟು ಮುಟ್ಟಬಹುದು ಅನ್ನಿಸುವಷ್ಟು ಆಳ ಕಾಣುತ್ತದೆ. ಎಲ್ಲರೂ ಮಾಡುವ ತಪ್ಪು ಹುಣ್ಣಿಮೆಯ ದಿನ ಬರುವುದು. ಹುಣ್ಣಿಮೆಯಲ್ಲಿ ಬಿಸಿಲು ಚಂದ್ರನ ಮೇಲೆ ನೇರವಾಗಿ ಬೀಳುತ್ತದೆ, ನೆರಳೇ ಇರುವುದಿಲ್ಲ. ಚಂದ್ರ ಬಿಳಿ ತಟ್ಟೆಯಂತೆ ಕಣ್ಣು ಕುಕ್ಕುತ್ತಾನೆ. ಉಳಿದ ಆಕಾಶವೂ ಮಂಕಾಗುತ್ತದೆ.

ಗೆಲಾಕ್ಸಿ, ನೀಹಾರಿಕೆ, ಅಂದರೆ ದೂರದ ನಕ್ಷತ್ರ ರಾಶಿಗಳು ಮತ್ತು ಅನಿಲದ ಮೋಡಗಳನ್ನು ನೋಡಬೇಕಾದರೆ ಅಮಾವಾಸ್ಯೆಯ ಆಚೀಚೆಯ ದಿನಗಳೇ ಬೇಕು. ಬಹುಳ ಸಪ್ತಮಿ ದಾಟಿದ ಮೇಲೆ ಚಂದ್ರ ಹುಟ್ಟುವುದೇ ಮಧ್ಯರಾತ್ರಿಯ ಹೊತ್ತಿಗೆ, ಹಾಗಾಗಿ ಸಂಜೆ ಪೂರ್ತಿ ನಿಮ್ಮದೇ. ಕ್ಲಬ್ಬಿನವರು ಊರ ಹೊರಗಿನ ಕಾರ್ಯಕ್ರಮಗಳನ್ನು ಅಮಾವಾಸ್ಯೆಯ ಹತ್ತಿರದ ಶನಿವಾರಕ್ಕೆ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. "ಅಮಾವಾಸ್ಯೆ ದಿನ ಮಕ್ಕಳನ್ನ ಹೊರಗೆ ಕರ್ಕೊಂಡು ಹೋಗ್ತೀರಾ?" ಅಂತ ಮನೆಯ ಹಿರಿಯರು ಕೇಳಬಹುದು. ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ನಮ್ಮ ಸಾಲಿನಲ್ಲಿ ಅತಿ ಹೆಚ್ಚು ಹೊತ್ತು ಟೆಲಿಸ್ಕೋಪಿಗೆ ಕಣ್ಣಿಟ್ಟು ನಿಲ್ಲುವವರು ಅಜ್ಜಿಯರೇ.

ಕಾಲದ ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಜಾಸ್ತಿ, ಬಿಟ್ಟುಬಿಡಿ. ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ದಿನ ಗೊತ್ತುಮಾಡಿದ ಮೇಲೂ ಆ ಸಂಜೆ ಮೋಡ ಕವಿದರೆ ಕಾರ್ಯಕ್ರಮ ರದ್ದಾಗುತ್ತದೆ. ಹೊರಡುವ ಮುಂಚೆ ಒಮ್ಮೆ ಕೇಳಿಕೊಳ್ಳಿ.

3. ಒಂದು ವಾರ ತಾರಸಿಯ ಮೇಲೆ ಅಭ್ಯಾಸ ಮಾಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಬರಿಗಣ್ಣಿಗೆ ನಾಲ್ಕು ನಕ್ಷತ್ರ ಗುರುತು ಸಿಕ್ಕವರಿಗೆ ಟೆಲಿಸ್ಕೋಪ್ ಎತ್ತ ತಿರುಗಿದೆ, ಏನು ತೋರಿಸುತ್ತಿದೆ ಅನ್ನುವುದು ಅರ್ಥವಾಗುತ್ತದೆ. ಉಳಿದವರಿಗೆ ಅದು ಬರೀ ಬೆಳಕಿನ ಚುಕ್ಕೆ.

ನಮಗೆ ಒಂದು ಅನುಕೂಲವಿದೆ. ನಕ್ಷತ್ರಗಳ ಹೆಸರು ನಮಗೆ ಆಗಲೇ ಗೊತ್ತು. ಮನೆಯಲ್ಲಿ ಯಾರದೋ ಜನ್ಮ ನಕ್ಷತ್ರ ರೋಹಿಣಿ, ಇನ್ಯಾರದೋ ಸ್ವಾತಿ. ಅವು ಆಕಾಶದಲ್ಲಿ ಎಲ್ಲಿವೆ ಅಂತ ನೋಡಿಲ್ಲ ಅಷ್ಟೇ. ಜನವರಿ, ಫೆಬ್ರವರಿಯ ಸಂಜೆ ತಲೆ ಎತ್ತಿದರೆ ಕೃತ್ತಿಕೆಯ ಚಿಕ್ಕ ಗೊಂಚಲು ಕಾಣುತ್ತದೆ. ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣದ ರೋಹಿಣಿ. ಅಲ್ಲಿಂದ ಮುಂದೆ ಮೂರು ನಕ್ಷತ್ರದ ನಡುಪಟ್ಟಿ ಕಟ್ಟಿದ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ), ಅವನ ಭುಜದಲ್ಲಿ ಕೆಂಪಗಿನ ಆರಿದ್ರಾ. ಆ ನಡುಪಟ್ಟಿಯ ಗೆರೆಯನ್ನು ಕೆಳಗೆ ಎಳೆದರೆ ಲುಬ್ಧಕ, ಇಡೀ ರಾತ್ರಿ ಆಕಾಶದಲ್ಲಿ ಅತಿ ಹೆಚ್ಚು ಹೊಳೆಯುವ ನಕ್ಷತ್ರ. ಏಪ್ರಿಲ್, ಮೇ ತಿಂಗಳಲ್ಲಾದರೆ ಸಪ್ತರ್ಷಿಗಳ ಬಾಲದ ಬಾಗನ್ನು ಹಾಗೇ ಮುಂದುವರಿಸಿ. ಮೊದಲು ಸ್ವಾತಿ ಸಿಗುತ್ತದೆ, ಆಮೇಲೆ ಚಿತ್ತಾ.

ರೈತರ ಮನೆಯವರು ಒಂದು ಪ್ರಶ್ನೆ ಕೇಳುತ್ತಾರೆ: ಆರಿದ್ರಾ ಮಳೆ ಬರುವಾಗ ಆರಿದ್ರಾ ನಕ್ಷತ್ರ ಯಾಕೆ ಕಾಣಲ್ಲ? ಯಾಕೆಂದರೆ ಆಗ ಸೂರ್ಯ ಆಕಾಶದ ಆ ಭಾಗದಲ್ಲೇ ಇರುತ್ತಾನೆ. ಮಳೆ ನಕ್ಷತ್ರ ಅಂದರೆ ಸೂರ್ಯ ಸೇರಿಕೊಂಡಿರುವ ನಕ್ಷತ್ರ. ಅದು ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ.

ಉತ್ತರ ದಿಕ್ಕಿನಲ್ಲಿ ಧ್ರುವ ನಕ್ಷತ್ರ ಹುಡುಕುವಾಗ ಜನ ತೀರ ಮೇಲೆ ನೋಡುತ್ತಾರೆ. ಅದು ನಿಮ್ಮ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಬೀದರ್‌ನಲ್ಲಿ ಸುಮಾರು 18. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಬೆಂಗಳೂರಿನಲ್ಲಿ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಪಕ್ಕದ ಅಪಾರ್ಟ್‌ಮೆಂಟ್ ಅದನ್ನು ಮರೆಮಾಡಿದ್ದರೆ ಆಶ್ಚರ್ಯವಿಲ್ಲ.

ಸಹಾಯಕ್ಕೆ ಸ್ಟೆಲೇರಿಯಂ ಅನ್ನುವ ಉಚಿತ ತಂತ್ರಾಂಶ ಕಂಪ್ಯೂಟರಿಗೆ ಸಿಗುತ್ತದೆ. ಊರು, ಸಮಯ ಹಾಕಿದರೆ ಆಕಾಶ ತೋರಿಸುತ್ತದೆ. ಆದರೆ ಅದನ್ನು ಮನೆಯೊಳಗೆ ನೋಡಿ, ಮನಸ್ಸಲ್ಲಿಟ್ಟುಕೊಂಡು ತಾರಸಿಗೆ ಹೋಗಿ.

4. ಚೀಲ ತುಂಬಿಸಿ

ಸ್ವೆಟರ್, ಟೋಪಿ. ಬಯಲಲ್ಲಿ ಅಲುಗಾಡದೆ ನಿಂತರೆ ಬೇಸಿಗೆಯಲ್ಲೂ ರಾತ್ರಿ ಎರಡರ ಹೊತ್ತಿಗೆ ಚಳಿ ಹಿಡಿಯುತ್ತದೆ. ಮೈ ಪೂರ್ತಿ ಮುಚ್ಚುವ ಬಟ್ಟೆ, ಸೊಳ್ಳೆಗೆ ಹಚ್ಚುವ ಮುಲಾಮು, ಬೂಟು. ಹುಲ್ಲಿನಲ್ಲಿ ಚಪ್ಪಲಿ ಹಾಕಿ ಓಡಾಡಬೇಡಿ, ಹಾವಿನ ಭಯ ಇದ್ದೇ ಇರುತ್ತದೆ. ನೀರು, ತಿಂಡಿ, ಕೂರಲು ಚಾಪೆ. ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕೆಂಪು ಬೆಳಕಿನ ಟಾರ್ಚ್. ಕೊಳ್ಳಬೇಕಾಗಿಲ್ಲ. ಇರುವ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

5. ಕಣ್ಣಿಗೆ ಅರ್ಧ ಗಂಟೆ ಕೊಡಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೆಳಕಿನಿಂದ ಕತ್ತಲಿಗೆ ಬಂದಾಗ ಕಣ್ಣಿನ ಪಾಪೆ ಕೂಡಲೇ ಹಿಗ್ಗುತ್ತದೆ. ಆದರೆ ನಿಜವಾದ ಬದಲಾವಣೆ ಆಗುವುದು ಕಣ್ಣಿನ ಹಿಂಭಾಗದ ಪರದೆಯಲ್ಲಿ. ಅಲ್ಲಿ ಮಂದ ಬೆಳಕನ್ನು ಹಿಡಿಯುವ ಜೀವಕಣಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಅನ್ನುವ ವಸ್ತು ಬೆಳಕು ಬಿದ್ದಾಗ ಒಡೆದುಹೋಗುತ್ತದೆ. ಕತ್ತಲಲ್ಲಿ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಕಾರಿನಿಂದ ಇಳಿದ ಕೂಡಲೇ "ಇಲ್ಲೂ ಏನೂ ಕಾಣಲ್ಲ" ಅಂದವರೇ ಅರ್ಧ ಗಂಟೆ ಬಿಟ್ಟು ಆಕಾಶ ನೋಡುತ್ತ ಮಾತು ನಿಲ್ಲಿಸುತ್ತಾರೆ.

ಇಷ್ಟು ಹೊತ್ತು ಕಾದು ಗಳಿಸಿದ್ದನ್ನು ಒಂದು ಮೊಬೈಲ್ ಪರದೆ ಒಂದೇ ಕ್ಷಣದಲ್ಲಿ ಹಾಳುಮಾಡುತ್ತದೆ. ನಿಮ್ಮದಷ್ಟೇ ಅಲ್ಲ, ಸುತ್ತ ನಿಂತ ಇಪ್ಪತ್ತು ಜನರದ್ದೂ. ಅವರೆಲ್ಲ ಮತ್ತೆ ಅರ್ಧ ಗಂಟೆ ಕಾಯಬೇಕು. ಕೆಂಪು ಬೆಳಕು ಈ ಕಣಗಳನ್ನು ಅಷ್ಟಾಗಿ ತಟ್ಟುವುದಿಲ್ಲ, ಅದಕ್ಕೇ ಕೆಂಪು ಟಾರ್ಚ್. ಮೊಬೈಲ್ ಜೇಬಿನಲ್ಲೇ ಇರಲಿ. ಫ್ಲ್ಯಾಷ್ ಹಾಕಿ ಫೋಟೋ ಬೇಡ. ಕತ್ತಲಾಗುವ ಮುಂಚೆಯೇ ತಲುಪಿ. ಮಧ್ಯದಲ್ಲಿ ಹೊರಡಬೇಕಾದೀತು ಅನ್ನಿಸಿದರೆ, ಹೆಡ್‌ಲೈಟ್ ಟೆಲಿಸ್ಕೋಪುಗಳ ಕಡೆ ಬೀಳದ ಹಾಗೆ ಕಾರು ತಿರುಗಿಸಿ ನಿಲ್ಲಿಸಿ. ಹಸಿರು ಲೇಸರ್ ತರಬೇಡಿ. ಆಕಾಶದಲ್ಲಿ ಗುರುತು ತೋರಿಸಲು ಕ್ಲಬ್ಬಿನ ಒಬ್ಬರು ಬಳಸುತ್ತಾರೆ, ಅಷ್ಟು ಸಾಕು. ಅದು ವಿಮಾನದ ಪೈಲಟ್‌ಗೆ, ಪಕ್ಕದಲ್ಲಿ ನಿಂತವರ ಕಣ್ಣಿಗೆ ಅಪಾಯ.

6. ಟೆಲಿಸ್ಕೋಪಿನ ಮುಂದೆ

ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ. ಎಲ್ಲರೂ ಮೊದಲು ಮಾಡುವುದೇ ಕೊಳವೆಯನ್ನು ಹಿಡಿಯುವುದು. ಬೆರಳು ತಗಲಿದರೂ ಸಾಕು, ಗ್ರಹ ಕಣ್ಮರೆಯಾಗುತ್ತದೆ. ತೋರಿಸುವವರು ಮತ್ತೆ ಮೊದಲಿಂದ ಹುಡುಕಬೇಕು.

ಕಣ್ಣಿಡುವ ಚಿಕ್ಕ ಮಸೂರಕ್ಕೆ ಐಪೀಸ್ ಅನ್ನುತ್ತಾರೆ. ಅದಕ್ಕೆ ಕಣ್ಣು ಒತ್ತಬೇಡಿ. ಸ್ವಲ್ಪ ದೂರದಲ್ಲಿಟ್ಟು, ಬೆಳಕಿನ ದುಂಡು ಕಾಣುವವರೆಗೆ ನಿಧಾನವಾಗಿ ಹತ್ತಿರ ಬನ್ನಿ. ದೂರದ್ದು ಮಂಜಾಗಿ ಕಾಣುವ ಕಾರಣಕ್ಕೆ ಕನ್ನಡಕ ಹಾಕುವವರು ಅದನ್ನು ತೆಗೆದು ನೋಡಬಹುದು, ಫೋಕಸ್ ತಿರುಗಿಸಿದರೆ ಸರಿಹೋಗುತ್ತದೆ. ಆದರೆ ತಿರುಗಿಸುವ ಮುಂಚೆ ಕೇಳಿ.

ಭೂಮಿ ತಿರುಗುತ್ತಿರುವುದರಿಂದ ಎಲ್ಲವೂ ಜಾರುತ್ತಿರುತ್ತದೆ. 120 ಪಟ್ಟು ದೊಡ್ಡದು ಮಾಡಿ ನೋಡುವಾಗ ಒಂದು ಗ್ರಹ ಈ ಅಂಚಿನಿಂದ ಆ ಅಂಚಿಗೆ ಎರಡು ನಿಮಿಷದೊಳಗೆ ದಾಟಿಬಿಡುತ್ತದೆ. ಅದನ್ನು ಮತ್ತೆ ಮತ್ತೆ ಹಿಡಿದು ತರುವುದೇ ತೋರಿಸುವವರ ಕೆಲಸ. "ಏನೂ ಕಾಣ್ತಿಲ್ಲ" ಅಂತ ಹೇಳಲು ನಾಚಿಕೆ ಬೇಡ. ಸುಮ್ನೆ "ಆಹಾ, ಚೆನ್ನಾಗಿದೆ" ಅಂದು ಮುಂದೆ ಹೋಗುವವರು ಬಹಳ. ಅದರಿಂದ ಯಾರಿಗೂ ಲಾಭವಿಲ್ಲ.

ಮಸುಕಾದದ್ದನ್ನು ನೋಡುವಾಗ ಒಂದು ಉಪಾಯವಿದೆ. ನೇರವಾಗಿ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಮಂದ ಬೆಳಕು ಹಿಡಿಯುವ ಕಣಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಓರೆಗಣ್ಣಿಗೆ ಕಾಣುವ ಗೆಲಾಕ್ಸಿ ನೇರ ನೋಡಿದ ಕೂಡಲೇ ಮಾಯವಾಗುತ್ತದೆ. ಇದು ಎರಡು ಮೂರು ರಾತ್ರಿಯಲ್ಲಿ ರೂಢಿಯಾಗುತ್ತದೆ.

7. ನಿಜವಾಗಿ ಏನು ಕಾಣುತ್ತದೆ?

ಇಂಟರ್ನೆಟ್ಟಿನ ಬಣ್ಣಬಣ್ಣದ ಫೋಟೋಗಳನ್ನು ಮರೆತು ಬನ್ನಿ. ಅವು ಗಂಟೆಗಟ್ಟಲೆ ಬೆಳಕು ಸಂಗ್ರಹಿಸಿದ ಕ್ಯಾಮೆರಾದ ಚಿತ್ರಗಳು. ನಮ್ಮ ಕಣ್ಣು ಹಾಗೆ ಬೆಳಕನ್ನು ಕೂಡಿಡುವುದಿಲ್ಲ, ಮಂದ ಬೆಳಕಿನಲ್ಲಿ ಬಣ್ಣವನ್ನೂ ಕಾಣುವುದಿಲ್ಲ. ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿ ಟೆಲಿಸ್ಕೋಪಿನಲ್ಲೂ ಬೂದುಬಣ್ಣದ ಮಬ್ಬು ಪಟ್ಟೆಯಷ್ಟೇ. ಆದರೆ ಆ ಮಬ್ಬು 25 ಲಕ್ಷ ವರ್ಷ ಪ್ರಯಾಣ ಮಾಡಿ ಬಂದ ಬೆಳಕು. ಅದು ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ. ಯಾವ ಪರದೆಯೂ ನಡುವೆ ಇಲ್ಲದೆ ಅದು ನೇರ ನಿಮ್ಮ ಕಣ್ಣಿಗೆ ಬೀಳುತ್ತದೆ. ಇದನ್ನು ಮೊದಲೇ ಹೇಳಿ ತೋರಿಸಿದರೆ ಮಕ್ಕಳು ಆ ಮಬ್ಬನ್ನು ಬಿಟ್ಟು ಕದಲುವುದಿಲ್ಲ.

ಚಂದ್ರ, ಗುರು, ಶನಿ ಮಾತ್ರ ಯಾರಿಗೂ ಮೋಸ ಮಾಡುವುದಿಲ್ಲ. ಗುರುವಿನ ಪಕ್ಕದಲ್ಲಿ ಅದರ ನಾಲ್ಕು ದೊಡ್ಡ ಉಪಗ್ರಹಗಳು ಸಾಲಾಗಿ ಕಾಣುತ್ತವೆ. ಎರಡು ಗಂಟೆ ಬಿಟ್ಟು ಮತ್ತೆ ನೋಡಿ, ಒಂದಾದರೂ ಜಾಗ ಬದಲಿಸಿರುತ್ತದೆ. ಶನಿಯ ಬಳೆ 2025ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ಅಂಚು ತಿರುಗಿಸಿತ್ತು. ಆ ವರ್ಷ ಅದು ತೀರ ತೆಳ್ಳಗಿನ ಗೆರೆಯಂತೆ ಕಂಡು ಕೆಲವರಿಗೆ ಬೇಸರವಾಯಿತು. ಆಮೇಲೆ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತ ಹೋಗುತ್ತದೆ.

ಇನ್ನೊಂದನ್ನು ಕೇಳಿ ನೋಡಿ: ಒಮೆಗಾ ಸೆಂಟಾರಿ. ಲಕ್ಷಾಂತರ ನಕ್ಷತ್ರಗಳು ಒಂದೇ ಉಂಡೆಯಾಗಿ ಸೇರಿರುವ ಗುಚ್ಛ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ದಕ್ಷಿಣ ಆಕಾಶದಲ್ಲಿ ಸುಮಾರು 30 ಡಿಗ್ರಿ ಎತ್ತರಕ್ಕೆ, ಅಂದರೆ ಮೂರು ಮುಷ್ಟಿಯಷ್ಟು ಮೇಲೆ ಬರುತ್ತದೆ. ಇಂಗ್ಲೆಂಡಿನಲ್ಲಿ ಕೂತವರಿಗೆ ಅದು ಎಂದೂ ದಿಗಂತ ದಾಟಿ ಮೇಲೆ ಬರುವುದಿಲ್ಲ. ಅಲ್ಲಿನ ಪುಸ್ತಕ ಓದಿ ಆಕಾಶ ಕಲಿತವರು ಇದನ್ನು ಬಿಟ್ಟೇಬಿಡುತ್ತಾರೆ. ನಮ್ಮ ಊರುಗಳಿಗೆ ಸಿಕ್ಕಿರುವ ವರ ಇದು.

ಸೂರ್ಯನ ಬಗ್ಗೆ ಒಂದು ಖಡಾಖಂಡಿತ ಮಾತು. ಹಗಲಲ್ಲಿ ಟೆಲಿಸ್ಕೋಪ್ ಅಥವಾ ಬೈನಾಕ್ಯುಲರನ್ನು ಸೂರ್ಯನ ಕಡೆ ತಿರುಗಿಸಬೇಡಿ. ಒಂದು ಕ್ಷಣ ಸಾಕು, ಕಣ್ಣು ಶಾಶ್ವತವಾಗಿ ಹೋಗುತ್ತದೆ. ನೋವು ಗೊತ್ತಾಗುವುದಿಲ್ಲ, ಅದೇ ಅಪಾಯ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ನೋಡುವುದೂ ತಪ್ಪು, ಕೂಡಿಬಂದ ಬಿಸಿಲು ಅದನ್ನು ಸುಟ್ಟುಹಾಕುತ್ತದೆ. ಕೆಲವು ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ಹಾಕುವ ಸೂರ್ಯನ ಫಿಲ್ಟರ್ ಕೊಡುತ್ತಾರೆ. ಅದನ್ನು ಕಸಕ್ಕೆ ಹಾಕಿ, ಬಿಸಿಗೆ ಒಡೆಯುತ್ತದೆ. ಫಿಲ್ಟರ್ ಕೊಳವೆಯ ಮುಂದಿನ ಬಾಯಿಗೆ ಇರಬೇಕು. ಸೂರ್ಯನನ್ನು ಕ್ಲಬ್ಬಿನವರ ಜೊತೆ ಮಾತ್ರ ನೋಡಿ.

8. ಮೂರು ನಾಲ್ಕು ಸಲ ಹೋಗಿ, ಬರೆದಿಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಸಮಯ, ಜಾಗ, ಏನು ನೋಡಿದಿರಿ, ಯಾವ ಟೆಲಿಸ್ಕೋಪ್, ಹೇಗೆ ಕಂಡಿತು. ಪೆನ್ಸಿಲಿನಲ್ಲಿ ಒಂದು ಚಿಕ್ಕ ಚಿತ್ರ ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಬಿಡಿಸುವಾಗ ಕಣ್ಣು ಗಮನಿಸಲು ಕಲಿಯುತ್ತದೆ.

ಹವ್ಯಾಸಿಗಳ ಇಂಥ ನೋಟ್‌ಬುಕ್ಕುಗಳು ವಿಜ್ಞಾನಕ್ಕೂ ಬೇಕಾಗುತ್ತವೆ. 2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಇದ್ದಕ್ಕಿದ್ದಂತೆ ಮಂಕಾಗತೊಡಗಿತು. 2020ರ ಫೆಬ್ರವರಿಯ ಹೊತ್ತಿಗೆ ಬರಿಗಣ್ಣಿಗೇ ಗೊತ್ತಾಗುವಷ್ಟು ಇಳಿದಿತ್ತು. ಆಗ ಜಗತ್ತಿನಾದ್ಯಂತ ಹವ್ಯಾಸಿಗಳು ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ದಿನದಿನದ ಹೊಳಪು ಬರೆದಿಟ್ಟರು. ಟೆಲಿಸ್ಕೋಪ್ ಇಲ್ಲದೆ ನಿಮ್ಮ ತಾರಸಿಯಿಂದಲೂ ಮಾಡಬಹುದಾದ ಕೆಲಸ ಇದು.

9. ಈಗ ಕೊಳ್ಳುವ ಮಾತು

ನಾಲ್ಕು ರಾತ್ರಿ ಕಳೆದ ಮೇಲೂ ಮಗಳ ಆಸೆ ಹಾಗೇ ಇದೆಯೇ? ಹಾಗಾದರೆ ಮೊದಲು 7×50 ಅಥವಾ 10×50 ಬೈನಾಕ್ಯುಲರ್ ಕೊಡಿಸಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅಂತ ಹೇಳುತ್ತದೆ. ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರ್‌ನಲ್ಲಿ. ಕೃತ್ತಿಕೆ ಟೆಲಿಸ್ಕೋಪಿಗಿಂತ ಬೈನಾಕ್ಯುಲರಿನಲ್ಲೇ ಚಂದ.

ಟೆಲಿಸ್ಕೋಪ್ ಕೊಳ್ಳುವಾಗ "525 ಪಟ್ಟು" ಅಂತ ದೊಡ್ಡದಾಗಿ ಬರೆದ ಪೆಟ್ಟಿಗೆಯಿಂದ ದೂರವಿರಿ. ಮುಖ್ಯವಾದದ್ದು ಬಾಯಿಯ ಅಗಲ, ಯಾಕೆಂದರೆ ಬೆಳಕು ಕುಡಿಯುವುದು ಅದೇ. ಒಳ್ಳೆಯ ರಾತ್ರಿಯಲ್ಲಿ ಒಂದು ಮಿಲಿಮೀಟರಿಗೆ ಎರಡು ಪಟ್ಟು, ಅದೇ ಮಿತಿ. 60 ಮಿ.ಮೀ. ಟೆಲಿಸ್ಕೋಪ್ ಅಂದರೆ 120 ಪಟ್ಟು. ಅದರಾಚೆ ಮಸುಕು ದೊಡ್ಡದಾಗುತ್ತದೆ ಅಷ್ಟೇ. ಎಷ್ಟು ಪಟ್ಟು ಅಂತ ತಿಳಿಯಲು ಟೆಲಿಸ್ಕೋಪಿನ ಫೋಕಲ್ ಉದ್ದವನ್ನು, ಅಂದರೆ ಮಸೂರ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರವನ್ನು, ಐಪೀಸಿನ ಫೋಕಲ್ ಉದ್ದದಿಂದ ಭಾಗಿಸಿ. 1200 ಮಿ.ಮೀ. ಫೋಕಲ್ ಉದ್ದದ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120.

ಅಲುಗಾಡುವ ಮೂರು ಕಾಲಿನ ಸ್ಟ್ಯಾಂಡ್ ಒಳ್ಳೆಯ ಮಸೂರವನ್ನೂ ಕೆಡಿಸುತ್ತದೆ. ಕ್ಲಬ್ಬಿನಲ್ಲಿ ಡಾಬ್ಸೋನಿಯನ್ ಅನ್ನುವ ಟೆಲಿಸ್ಕೋಪ್ ನೋಡಿರುತ್ತೀರಿ. ಮರದ ಪೆಟ್ಟಿಗೆಯಂಥ ಪೀಠದ ಮೇಲೆ ಕೂತ ಕನ್ನಡಿ ಟೆಲಿಸ್ಕೋಪ್, ಕೈಯಿಂದ ತಳ್ಳಿ ತಿರುಗಿಸುವುದು. ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಬೆಳಕು ಕೊಡುವುದು ಅದೇ. 6 ಅಥವಾ 8 ಇಂಚಿನದು ವರ್ಷಗಟ್ಟಲೆ ಸಾಕಾಗುತ್ತದೆ. ಆದರೆ ಮೂರನೇ ಮಹಡಿಯಿಂದ ಯಾರು ಹೊತ್ತು ಇಳಿಸುತ್ತಾರೆ ಅಂತಲೂ ಯೋಚಿಸಿ. ಹೊರಗೆ ಬಾರದ ದೊಡ್ಡದಕ್ಕಿಂತ ದಿನಾ ಹೊರಗೆ ಬರುವ ಚಿಕ್ಕದು ಮೇಲು. ಸದಸ್ಯರು ತಮ್ಮ ಹಳೆಯದನ್ನು ಮಾರುವುದೂ ಇದೆ, ವಿಚಾರಿಸಿ.

ಮನೆಗೆ ತಂದ ದಿನ ಕತ್ತಲಾಗುವವರೆಗೆ ಕಾಯಬೇಡಿ. ಕೊಳವೆಯ ಮೇಲೆ ಫೈಂಡರ್ ಅಂತ ಇನ್ನೊಂದು ಪುಟ್ಟ ದುರ್ಬೀನು ಇರುತ್ತದೆ. ಅದು ದಾರಿ ತೋರಿಸಲು. ಸಂಜೆ ಬೆಳಕಿರುವಾಗಲೇ, ಸೂರ್ಯನಿಗೆ ಬೆನ್ನು ಮಾಡಿ, ದೂರದ ತೆಂಗಿನ ಮರದ ತುದಿಯನ್ನೋ ಮೊಬೈಲ್ ಟವರನ್ನೋ 25 ಮಿ.ಮೀ. ಐಪೀಸಿನ ನಟ್ಟನಡುವೆ ತನ್ನಿ. ಚಿತ್ರ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಅದು ಹಾಗೇ. ಈಗ ಕೊಳವೆ ಅಲುಗಾಡದಂತೆ, ಫೈಂಡರಿನ ತಿರುಪುಗಳನ್ನು ತಿರುಗಿಸಿ ಅದೇ ತುದಿ ಅದರ ಗೆರೆಗಳ ನಡುವೆಯೂ ಬರುವ ಹಾಗೆ ಮಾಡಿ. ಇಷ್ಟಾದರೆ ರಾತ್ರಿ ಫೈಂಡರಿನಲ್ಲಿ ಹಿಡಿದದ್ದು ಐಪೀಸಿನಲ್ಲೂ ಇರುತ್ತದೆ. ಮೊದಲು ಚಂದ್ರನನ್ನು ಹಿಡಿಯಿರಿ, ಮಗಳನ್ನು ಕರೆಯಿರಿ.